ಫೈಲು ಎಲ್ಲಕ್ಕಿಂತ ಮೇಲಿರಲಿ

ಪುಟ್ಟಿ,

35 ವಾರ ತುಂಬಿತು, ಇನ್ನು ಪ್ರಯಾಣ ಬೇಡ ಎಂದು ಡಾಕ್ಟರೇ ಹೇಳಿದ ಮೇಲೆ ಶಿರಸಿಗೆ ಬಾ ಎಂದು ನಾನು ಹಟ ಹಿಡಿಯುವಂತಿಲ್ಲ. ಹೆರಿಗೆ ಹುಬ್ಬಳ್ಳಿಯಲ್ಲೇ ಆಗಲಿ. ಅಜ್ಜಿಯನ್ನು ನೋಡಿಕೊಳ್ಳಲು ಯಾರಾದರೂ ಸಿಗುವ ತನಕ ನನಗೆ ಹೊರಡಲಾಗದು. ಈ ಹೊತ್ತಿನಲ್ಲಿ ನಿನ್ನ ಹತ್ತಿರ ಇಲ್ಲವಲ್ಲ ಎಂದು ಹೊಟ್ಟೆಯೊಳಗೇ ಸಂಕಟ. ಬ್ಯಾಗು ಮಾತ್ರ ಈ ವಾರವೇ ಕಟ್ಟಿಡು.

ನಿನಗೆ ನಾಲ್ಕು ನೈಟಿ ಸಾಕು. ಮುಂದೆ ಗುಂಡಿ ಇರಬೇಕು, ಬಣ್ಣ ಗಾಢವಾಗಿರಲಿ. ಒಳಚಡ್ಡಿ ಒಂದು ಸೈಜು ದೊಡ್ಡದು, ಹೊಕ್ಕುಳ ಮುಟ್ಟುವಂಥದ್ದು. ಸಿಸೇರಿಯನ್ ಆದರೆ ಚಿಕ್ಕದರ ಎಲಾಸ್ಟಿಕ್ ಸರಿಯಾಗಿ ಹೊಲಿಗೆಯ ಮೇಲೇ ಉಜ್ಜುತ್ತದೆ. ದೊಡ್ಡ ಪ್ಯಾಡು ಎರಡು ಪ್ಯಾಕು, ಫೀಡಿಂಗ್ ಬ್ರಾ ಎರಡು, ಸ್ಕಾರ್ಫು, ಸಾಕ್ಸು, ಜಾರದ ಚಪ್ಪಲಿ, ಫ್ಲಾಸ್ಕು, ಉದ್ದ ವೈರಿನ ಚಾರ್ಜರು. ಬಂಗಾರ ಮನೆಯಲ್ಲೇ ಇರಲಿ. ಸೀಮಂತದ ಬಳೆ ಈಗಲೇ ಸೋಪು ಹಚ್ಚಿ ತೆಗೆದಿಡು, ಕೈ ಊದಿಕೊಂಡರೆ ಆಮೇಲೆ ಬಾರವು. ಉಗುರುಬಣ್ಣವನ್ನೂ ಅಳಿಸು, ಆಮ್ಲಜನಕ ನೋಡುವ ಕ್ಲಿಪ್ಪು ಹಾಕುವುದು ಬೆರಳ ತುದಿಗೆ.

ಮಗುವಿಗೆ ಹಳೆಯ ಹತ್ತಿ ಸೀರೆ, ಪಂಚೆಯ ಬಟ್ಟೆ 15 ತುಂಡು, ಕಟ್ಟುವ ಜಬಲ ಐದು, ಟೊಪ್ಪಿ ಎರಡು, ಹೊದೆಸಲು ಒಂದು ದಪ್ಪ ಟವೆಲು. ಒಗೆದು ಬಿಸಿಲಿಗೆ ಹಾಕಿ ಇಸ್ತ್ರಿ ಮಾಡು. ಟ್ರಂಕಿನಿಂದ ತೆಗೆದ ಸೀರೆಯಾದರೆ ಮೂಸಿ ನೋಡು, ನುಸಿಗುಳಿಗೆಯ ವಾಸನೆ ಬಂದರೆ ಆ ಬಟ್ಟೆ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಿಗೆ ಅದರಿಂದ ರಕ್ತಕಣ ಒಡೆದು ಕಾಮಾಲೆ ಏರಬಹುದು. ಬಾಟಲಿ, ಜೇನುತುಪ್ಪ, ಗ್ರೈಪ್ ವಾಟರು ಯಾರು ತಂದರೂ ಬ್ಯಾಗಿಗೆ ಸೇರಕೂಡದು. ಹುಟ್ಟಿದ ಗಂಟೆಯೊಳಗೆ ಎದೆಗೆ ಹಾಕಿಕೋ. ಗಿಣ್ಣು ಹಾಲು ಚಮಚದಷ್ಟೇ ಬಂದರೂ ಮಗುವಿನ ಹೊಟ್ಟೆಗೆ ಸಾಕು.

ಇನ್ನು ಫೈಲು. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಇಬ್ಬರ ಆಧಾರ್, ಇನ್ಶೂರೆನ್ಸ್ ಕಾರ್ಡು. ಎಲ್ಲದರ ಮೇಲೆ ರಕ್ತದ ಗುಂಪಿನ ರಿಪೋರ್ಟು. ನಿನ್ನದು ಬಿ ನೆಗೆಟಿವ್, ಅಳಿಯಂದಿರದು ಪಾಸಿಟಿವ್. ಫೋನಿನಲ್ಲಿ ಇದನ್ನೇ ಹೇಳಿ ಹೇಳಿ ನಿನಗೆ ಸಾಕಾಗಿದೆ, ಗೊತ್ತು. ಆದರೂ ಓದು.

ಮಗುವಿನದೂ ಅಪ್ಪನಂತೆ ಪಾಸಿಟಿವ್ ಆಗಿ, ಆ ರಕ್ತ ಹೆರಿಗೆಯ ಹೊತ್ತಿಗೆ ಒಂದಿಷ್ಟು ನಿನ್ನ ರಕ್ತಕ್ಕೆ ಸೇರಿದರೆ, ನಿನ್ನ ದೇಹ ಅದರ ವಿರುದ್ಧ ಪ್ರತಿಕಾಯ, ಅಂದರೆ ಪಾಸಿಟಿವ್ ರಕ್ತಕಣ ಒಡೆಯುವ ವಸ್ತು, ತಯಾರು ಮಾಡಿಕೊಳ್ಳಬಹುದು. ಈ ಮಗುವಿಗೆ ಸಾಮಾನ್ಯವಾಗಿ ಏನೂ ಆಗದು, ಪೆಟ್ಟು ಬೀಳುವುದು ಮುಂದಿನದಕ್ಕೆ. ಆ ಪ್ರತಿಕಾಯ ಹುಟ್ಟದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ 28ನೇ ವಾರದಲ್ಲಿ ಒಂದು ಆಯಿತು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಿಂದ ರಕ್ತ ತೆಗೆದು ಗುಂಪು ನೋಡಿಸಬೇಕು. ಪಾಸಿಟಿವ್ ಬಂದರೆ 72 ಗಂಟೆಯೊಳಗೆ ನಿನಗೆ ಇನ್ನೊಂದು ಆಗಲೇಬೇಕು. ನೆಗೆಟಿವ್ ಬಂದರೆ ಬೇಡ.

ಎಲ್ಲಿ ತಪ್ಪುತ್ತದೆ ಗೊತ್ತಾ? ಡ್ಯೂಟಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಹೇಳುವುದಿಲ್ಲ, ರಿಪೋರ್ಟು ಲ್ಯಾಬಿನಲ್ಲೇ ಉಳಿಯುತ್ತದೆ, ಸಹಜ ಹೆರಿಗೆಯಾದರೆ ಬೇಗ ಡಿಸ್ಚಾರ್ಜು. ಮನೆಗೆ ಬಂದ ಮೇಲೆ ನೀರು ಹಾಕುವ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಹಾಗಂತ ಇಂಜೆಕ್ಷನ್ ಮೊದಲೇ ಕೊಂಡು ಬ್ಯಾಗಿನಲ್ಲಿಡಬೇಡ, ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಆಸ್ಪತ್ರೆಯ ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇದೆಯಾ, ಭಾನುವಾರ ರಾತ್ರಿಯೂ ಸಿಗುತ್ತದಾ ಎಂದು ಅಳಿಯಂದಿರು ಹೋಗಿ ಕೇಳಲಿ. ಮೊದಲ ಇಂಜೆಕ್ಷನ್ನಿನ ತಾರೀಕು ತಾಯಿ ಕಾರ್ಡಿನಲ್ಲಿ ಬರೆಸು. ಅದು ಇಲ್ಲದಿದ್ದರೆ, ಪ್ರತಿಕಾಯ ಇದೆಯಾ ಎಂದು ನೋಡುವ ಕೂಂಬ್ಸ್ ಟೆಸ್ಟು ಆ ಇಂಜೆಕ್ಷನ್ನಿನಿಂದಲೇ ಪಾಸಿಟಿವ್ ಬಂದರೂ ಎಲ್ಲರಿಗೂ ಗಾಬರಿ. ರಕ್ತ ಕೊಡಲು ಇಬ್ಬರನ್ನು ಹೇಳಿಟ್ಟುಕೊಳ್ಳಿ. ಬಿ ನೆಗೆಟಿವ್ ಸಿಗದಿದ್ದರೆ ಓ ನೆಗೆಟಿವ್ ಆದೀತು.

ಎಂಟು ತಿಂಗಳು ಕೆಲಸಕ್ಕೂ ಹೋಗಿ ಒಂದು ಚೆಕಪ್ಪನ್ನೂ ತಪ್ಪಿಸದವಳು ನೀನು. ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಆದರೆ ನೋವು ತಡೆದುಕೊಳ್ಳುವುದೇ ಜಾಣತನ ಎಂದುಕೊಳ್ಳಬೇಡ. ಮಗುವಿನ ಒದೆತ ಕಮ್ಮಿ ಅನಿಸಿದರೆ, ರಕ್ತ ಕಂಡರೆ, ನೀರು ಹೋದರೆ ಬೆಳಗಾಗಲಿ ಎಂದು ಕಾಯಬೇಡ. ನೀರು ಎಷ್ಟು ಹೊತ್ತಿಗೆ ಹೋಯಿತು, ಹಸಿರಾಗಿತ್ತಾ ಎಂದು ನೋಡಿಕೊಂಡು ಹೊರಡು. ಕಾರು ಸಿಗದಿದ್ದರೆ 108.

ತಾಯಿ ಕಾರ್ಡಿನ ಎಲ್ಲ ಪುಟದ ಫೋಟೊ ಇವತ್ತು ರಾತ್ರಿಯೇ ಕಳಿಸು. ಮೆಡಿಕಲ್ ಶಾಪಿನವರು ಏನೆಂದರು ಎಂಬುದನ್ನು ಅಳಿಯಂದಿರು ನನಗೇ ಫೋನು ಮಾಡಿ ಹೇಳಲಿ.

ನಿನ್ನ ಅಮ್ಮ