ಜ್ವರದ ಜೊತೆ ವಾಂತಿ-ಭೇದಿ ಎಂದು ಬಂದವರ ಉಸಿರನ್ನೂ ಎಣಿಸಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ನಮಸ್ಕಾರಗಳು.

ನಮ್ಮ ಭಾಗದಲ್ಲಿ ಮಳೆ ಹಿಡಿಯಿತೆಂದರೆ ಹೊರರೋಗಿ ಚೀಟಿಯ ಮೇಲೆ ಒಂದೇ ಮಾತು: ವಾಂತಿ-ಭೇದಿ. ಅದರ ಕೆಳಗೆ ಎರಡು ಬಾಟಲಿ ಸಲೈನ್, ವಾಂತಿಗೊಂದು ಇಂಜೆಕ್ಷನ್, ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್ ಮಾತ್ರೆ. ಜ್ವರ ಎಷ್ಟಿತ್ತೆಂದು ಕೆಲವು ಚೀಟಿಗಳಲ್ಲಿ ಇರುತ್ತದೆ. ನಿಮಿಷಕ್ಕೆ ಉಸಿರು ಎಷ್ಟಿತ್ತೆಂದು ಬರೆದ ಚೀಟಿ ಸಿಗುವುದೇ ಅಪರೂಪ.

ಯಾಕೆ ಹೀಗೆ ಎಂಬುದು ಅರ್ಥವಾಗದ ಸಂಗತಿಯಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲೂ ಅದೇ ಆಯಿತು. ಅಲ್ಲಿಂದೀಚೆಗೆ ಭೇದಿ ಎಂದೊಡನೆ ಎಲ್ಲರ ಕಣ್ಣೂ ನಲ್ಲಿಯ ಮೇಲೆ, ನೀರಿನ ಟ್ಯಾಂಕಿನ ಮೇಲೆ. ಆ ಎಚ್ಚರ ಇರಲೇಬೇಕು, ಬಹುಪಾಲು ಭೇದಿಗೆ ಈಗಲೂ ನೀರೇ ಕಾರಣ. ಆದರೆ ಶ್ವಾಸಕೋಶಕ್ಕೆ ಇಳಿಯುವ ವೈರಸ್ ಕೂಡ ಮೊದಲೆರಡು ದಿನ ಹೊಟ್ಟೆಯ ಕಾಯಿಲೆಯ ವೇಷದಲ್ಲೇ ಬರಬಹುದು. ಆಗ ಕೆಮ್ಮು ಅಷ್ಟಾಗಿ ಇರುವುದಿಲ್ಲ, ದಮ್ಮು ಹತ್ತಿರುವುದಿಲ್ಲ. ರೋಗಿ ಹೇಳುವುದೂ ಅಷ್ಟೇ: "ಹೊಟ್ಟಿ ಕೆಟ್ಟೈತ್ರಿ, ಮೈ ಕಾಯ್ತೈತ್ರಿ."

ಇದು ಹೊಸ ವಿಷಯವಲ್ಲ, ನಿಮಗೆ ಗೊತ್ತಿರುವುದೇ. 2003ರಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಶ್ವಾಸಕೋಶದ ವೈರಸ್ ಕಾಯಿಲೆಯಾದ ಸಾರ್ಸ್ ತಗುಲಿದಾಗ ಮೂವರಲ್ಲಿ ಸುಮಾರು ಇಬ್ಬರಿಗೆ ಭೇದಿ ಇತ್ತು. 2009ರ ಎಚ್1ಎನ್1 (ಹಂದಿ ಜ್ವರ) ಹಾವಳಿಯಲ್ಲಿ, ಅಮೆರಿಕದ ಮೊದಲ ವರದಿಯ ಪ್ರಕಾರ, ಕಾಲುಭಾಗದಷ್ಟು ರೋಗಿಗಳಿಗೆ ವಾಂತಿ, ಕಾಲುಭಾಗದಷ್ಟು ರೋಗಿಗಳಿಗೆ ಭೇದಿ ಕಾಣಿಸಿತ್ತು. ಹಕ್ಕಿ ಜ್ವರದ ಎಚ್5ಎನ್1 ವೈರಸ್ಸನ್ನು ವಿಯೆಟ್ನಾಮಿನಲ್ಲಿ ಭೇದಿಯಾಗಿದ್ದ ಮಗುವಿನ ಮಲದಲ್ಲೇ ಪತ್ತೆ ಹಚ್ಚಿದ್ದರು. ಕೋವಿಡ್ ವೈರಸ್ ಹಿಡಿದುಕೊಳ್ಳುವ ಎಸಿಇ-2 ಎಂಬ ಕೊಂಡಿ ಶ್ವಾಸಕೋಶದಲ್ಲಷ್ಟೇ ಅಲ್ಲ, ಸಣ್ಣ ಕರುಳಿನ ಒಳಪದರದಲ್ಲೂ ಧಾರಾಳವಾಗಿದೆ. ಮಕ್ಕಳಲ್ಲಿ ಇನ್ನೊಂದು ತೊಡಕು. ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಆದರೆ ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆ ಕೆರಳಿ ನೋವು ಹೊಟ್ಟೆಯಲ್ಲೇ ಕಾಣುತ್ತದೆ. ಅಪೆಂಡಿಕ್ಸ್ ಎಂದುಕೊಂಡು ಸ್ಕ್ಯಾನ್‌ಗೆ ಕಳಿಸುತ್ತಾರೆ, ಎದೆಗೆ ಸ್ಟೆತಸ್ಕೋಪ್ ಇಟ್ಟಿರುವುದಿಲ್ಲ.

ಭೇದಿಯಾದವರೆಲ್ಲ ಗಂಭೀರ ರೋಗಿಗಳು ಎಂದು ಯಾರೂ ಹೇಳುತ್ತಿಲ್ಲ. ಕೇಳುತ್ತಿರುವುದು ಒಂದೇ: ಜ್ವರದ ಜೊತೆ ವಾಂತಿ-ಭೇದಿ ಎಂದು ಬಂದ ಪ್ರತಿಯೊಬ್ಬರ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ, ಚೀಟಿಯಲ್ಲಿ ಬರೆಯಿರಿ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಮಗು ಅಳು ನಿಲ್ಲಿಸಿ ತಾಯಿಯ ಮಡಿಲಲ್ಲಿರುವಾಗ, ಅಂಗಿ ಎತ್ತಿ, ಹೊಟ್ಟೆಯ ಏರಿಳಿತ ನೋಡಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಈ ಅಂಕಿ ಮುಟ್ಟಿದರೆ ಅದು ವೇಗದ ಉಸಿರು. ದೊಡ್ಡವರಲ್ಲಿ 24 ಆದರೆ ಎಚ್ಚರ, 30 ದಾಟಿದರೆ ಆಕ್ಸಿಜನ್ ಹಚ್ಚಿಯೇ ಮುಂದಿನ ಆಸ್ಪತ್ರೆಗೆ ಕಳಿಸಬೇಕು. ಜ್ವರದ ಕಾವಿಗೂ ಉಸಿರು ಏರುತ್ತದೆ, ಆದ್ದರಿಂದ ಪ್ಯಾರಸಿಟಮಾಲ್ ಕೊಟ್ಟು ಜ್ವರ ಇಳಿದ ಮೇಲೆ ಮತ್ತೊಮ್ಮೆ ಎಣಿಸಬೇಕು.

ನೀರು ಬಹಳ ಕಳೆದುಕೊಂಡವರಿಗೂ ಉಸಿರು ಏರುತ್ತದಲ್ಲ ಎಂದು ವೈದ್ಯರು ಕೇಳುತ್ತಾರೆ. ನಿಜ, ರಕ್ತದಲ್ಲಿ ಆಮ್ಲ ಹೆಚ್ಚಿ ಹಾಗಾಗುತ್ತದೆ. ಆದರೆ ಆ ಉಸಿರು ಆಳವಾಗಿರುತ್ತದೆ, ಪಕ್ಕೆ ಒಳಕ್ಕೆ ಸೆಳೆಯುವುದಿಲ್ಲ, ಆಕ್ಸಿಜನ್ ಮಟ್ಟ ಸರಿಯಾಗೇ ಇರುತ್ತದೆ. ನ್ಯುಮೋನಿಯಾದ ಉಸಿರು ಮೇಲುಮೇಲಿನದು. ಮೂಗಿನ ಹೊಳ್ಳೆ ಅರಳುತ್ತದೆ, ಆಕ್ಸಿಜನ್ 94ರಿಂದ ಕೆಳಗಿಳಿಯುತ್ತದೆ. ಈ ವ್ಯತ್ಯಾಸ ತಿಳಿಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಸಾಕು. ಭೇದಿಯಾಗಿ ಸೊರಗಿದವರ ಕೈ ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಉಗುರಿನ ಬಣ್ಣ ತೆಗೆದು, ಅಂಕಿ ಸ್ಥಿರವಾಗುವವರೆಗೆ ಒಂದು ನಿಮಿಷ ಕಾಯಬೇಕು.

ಆ ಆಕ್ಸಿಮೀಟರ್ ಎಲ್ಲಿದೆ, ಸ್ವಾಮಿ? ಒಂದು ಆರೋಗ್ಯ ಕೇಂದ್ರದಲ್ಲಿ ಕೋವಿಡ್ ಕಾಲದಲ್ಲಿ ಬಂದ ಆಕ್ಸಿಮೀಟರ್‌ಗಳು ಬೀರುವಿನಲ್ಲಿ ಬೀಗದೊಳಗಿದ್ದವು. ಬೀಗದ ಕೈ ರಜೆಯಲ್ಲಿದ್ದವರ ಬಳಿ. ತೆರೆದಾಗ ಒಳಗಿನ ಸೆಲ್ ಸೋರಿ ತಗಡು ಹಸಿರುಗಟ್ಟಿತ್ತು, ಒಂದೂ ಹೊತ್ತಿಕೊಳ್ಳಲಿಲ್ಲ. ಹೊರಗೆ ಬೆಂಚಿನ ಮೇಲೆ ಭತ್ತದ ನಾಟಿಗೆ ಬಂದಿದ್ದ ಗರ್ಭಿಣಿಯೊಬ್ಬಳಿಗೆ ಮೂರನೆಯ ಬಾಟಲಿ ಏರುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಎರಡು ಸಣ್ಣ ಸೆಲ್ಲಿನ ಬೆಲೆ ಎಷ್ಟು? ಇದನ್ನು ಬರೆಯುವಾಗ ಸೌಜನ್ಯ ಕಾಪಾಡಿಕೊಳ್ಳುವುದು ಕಷ್ಟವಾಗುತ್ತಿದೆ, ಕ್ಷಮಿಸಿ.

ಸಲೈನ್ ವಿಷಯವನ್ನು ಬಿಡಿಸಿ ಹೇಳಲೇಬೇಕು. ವೈರಸ್ ನ್ಯುಮೋನಿಯಾದಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಸೋರುತ್ತಿರುತ್ತವೆ. "ಸುಸ್ತೈತಿ, ಬಾಟ್ಲಿ ಹಚ್ರಿ" ಎಂದು ಒಂದರ ಹಿಂದೊಂದು ರಭಸದಿಂದ ಏರಿಸಿದರೆ ಆ ನೀರು ಶ್ವಾಸಕೋಶಕ್ಕೇ ಇಳಿಯುತ್ತದೆ. ಬಾಯಿಂದ ಕುಡಿಯಬಲ್ಲವರಿಗೆ ಓಆರ್‌ಎಸ್ ಸಾಕು: ಒಂದು ಲೀಟರ್ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಉಸಿರಿನ ತೊಂದರೆ ಇರುವ ವಯಸ್ಕರ ರಕ್ತದೊತ್ತಡ ಕುಸಿದಿದ್ದರೆ 250ರಿಂದ 500 ಮಿ.ಲೀ. ಮಾತ್ರ ಕೊಟ್ಟು, ಬೆನ್ನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಆಮೇಲೆ ಮುಂದಿನದು.

ನಿಯಮ ಇಲ್ಲವೆಂದಲ್ಲ. ಎಚ್1ಎನ್1 ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯ 'ಎ' ವರ್ಗದಲ್ಲೇ ವಾಂತಿ, ಭೇದಿ ಎಂದು ಬರೆದಿದೆ. ಅಂಥವರನ್ನು 24ರಿಂದ 48 ಗಂಟೆಯೊಳಗೆ ಮತ್ತೆ ನೋಡಬೇಕೆಂದೂ ಇದೆ. ಗರ್ಭಿಣಿಯರು, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಶಂಕೆ ಬಂದರೆ ಪರೀಕ್ಷೆಗೆ ಕಾಯದೆ ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಶುರು ಮಾಡಬೇಕೆಂದಿದೆ. ವಯಸ್ಕರಿಗೆ 75 ಮಿ.ಗ್ರಾಂ., ದಿನಕ್ಕೆರಡು ಸಲ, ಐದು ದಿನ. ಮೊದಲ 48 ಗಂಟೆಯಲ್ಲಿ ಕೊಟ್ಟರೆ ಅದರ ಫಲ ಹೆಚ್ಚು. ಆ ಎರಡು ದಿನವನ್ನೇ ನಾವು ಭೇದಿ ಮಾತ್ರೆಗೆ ಕಳೆಯುತ್ತಿದ್ದೇವೆ. ಈ ಕಾಗದ ನಿಮ್ಮ ಕಚೇರಿಯ ಕಡತದಲ್ಲಿದೆ. ಚೀಟಿ ಬರೆಯುವವರ ಮೇಜಿನ ಮೇಲೆ ಇಲ್ಲ.

ರೋಗ ಸರ್ವೇಕ್ಷಣೆಗೆ ವೈದ್ಯರು ಶಂಕಿತ ರೋಗಿಗಳ ಲೆಕ್ಕ ಬರೆದು ಕಳಿಸುವ 'ಪಿ' ನಮೂನೆಯಲ್ಲೂ ಇದೇ ಕತೆ. ಫ್ಲೂ ಮಾದರಿ ಜ್ವರವೆಂದು ಎಣಿಸಲು ಜ್ವರದ ಜೊತೆ ಕೆಮ್ಮು ಬೇಕು. ಕೆಮ್ಮು ಶುರುವಾಗುವ ಮೊದಲೇ ಬಂದವರು ಅತಿಸಾರದ ಸಾಲಿಗೆ ಬೀಳುತ್ತಾರೆ. ನೀರಿನ ಮಾದರಿ ಹೋಗುತ್ತದೆ, ನೀರು ಚೆನ್ನಾಗಿದೆ ಎಂಬ ವರದಿ ಬರುತ್ತದೆ, ಅಲ್ಲಿಗೆ ಮುಗಿಯಿತು. ನೀರು ಚೆನ್ನಾಗಿದ್ದರೆ ಜನರಿಗೆ ಆದದ್ದೇನು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಭೇದಿಗೆ ಮೊದಲೇ ಜ್ವರ, ಮೈಕೈ ನೋವು ಇತ್ತೇ? ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೆಮ್ಮು-ನೆಗಡಿ ಬಂದಿದೆಯೇ? ಹತ್ತಿರದಲ್ಲಿ ಕೋಳಿ ಸತ್ತಿವೆಯೇ? ಕೊನೆಯದು ಅತಿಯಾಯಿತು ಎನ್ನಬೇಡಿ. 2025ರಲ್ಲಿ ಸಂಡೂರು ತಾಲೂಕಿನ ಕುರೆಕುಪ್ಪದಲ್ಲಿ ಕೋಳಿಗಳಿಗೆ ಹಕ್ಕಿ ಜ್ವರ ಬಂದಿತ್ತು. ಅದೇ ಮಾರ್ಚ್‌ನಲ್ಲಿ ನೆರೆಯ ಆಂಧ್ರದ ಪಲ್ನಾಡು ಜಿಲ್ಲೆಯಲ್ಲಿ ಎರಡು ವರ್ಷದ ಮಗು ಎಚ್5ಎನ್1ನಿಂದ ತೀರಿಕೊಂಡಿತು.

ಆದ್ದರಿಂದ ಮತ್ತೆ ಅದೇ ಬೇಡಿಕೆ. ಜ್ವರ, ವಾಂತಿ-ಭೇದಿ ಎಂದು ಬಂದವರ ಉಸಿರನ್ನು ಒಂದು ನಿಮಿಷ ಎಣಿಸಬೇಕು. ಉಸಿರಿನ ಸಂಖ್ಯೆ, ಆಕ್ಸಿಜನ್ ಮಟ್ಟ ಎರಡನ್ನೂ ಬರೆಯಲು ಚೀಟಿಯಲ್ಲೇ ಜಾಗ ಮುದ್ರಿಸಬೇಕು. ಮನೆಗೆ ಕಳಿಸಿದವರ ಹೆಸರು ಅದೇ ದಿನ ಆಶಾ ಕಾರ್ಯಕರ್ತೆಗೆ ಹೋಗಬೇಕು, ಎರಡು ದಿನದೊಳಗೆ ಆಕೆ ಮನೆಗೆ ಹೋಗಿ ಮತ್ತೆ ಎಣಿಸಬೇಕು. ಬಾಯಿಮಾತಿನ ಸೂಚನೆ ಬೇಡ, ಸಹಿ ಇರುವ ಸುತ್ತೋಲೆ ಬೇಕು. ಈ ಮಳೆಗಾಲಕ್ಕೆ ಮೊದಲೇ ಬೇಕು. ಆಕ್ಸಿಮೀಟರ್ ಚೀಟಿ ಬರೆಯುವ ಮೇಜಿನ ಮೇಲಿರಲಿ, ಅದರ ಸೆಲ್ ಪ್ರತಿ ತಿಂಗಳ ಮೊದಲ ದಿನ ಪರೀಕ್ಷೆಯಾಗಲಿ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ,
ಸಿಂಧನೂರು