ಶನಿವಾರದ ಎಸ್‌ಡಿಎಂಸಿ ಸಭೆ

ಎಲ್ಲರಿಗೂ ನಮಸ್ಕಾರ್ರಿ. ಶನಿವಾರ ಸಂಜೆ 5 ಗಂಟೆಗೆ ಶಾಲೆಯಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ. ಬ್ಯಾಡಗಿ ಪೇಟೆಗೆ ಹೋಗುವವರು ಬೇಗ ಮುಗಿಸಿಕೊಂಡು ಬನ್ನಿ.

ನಿನ್ನೆ ಈ ಗುಂಪಿನಲ್ಲಿ ಒಂದು ಮಾತು ಬಂತಲ್ಲ, ಸರ್ಕಾರಿ ಶಾಲೆಗೆ ಸುಮ್ನೆ ದುಡ್ಡು ಸುರಿಯುವ ಬದಲು ಬಡವರ ಕೈಗೇ ಕೊಡಬಾರದಾ ಅಂತ. ಕೈಗೆ ಕೊಡುವುದೂ ಬೇಕು ಅನ್ನಿ. ಆದರೆ ಪುಸ್ತಕ, ಸಮವಸ್ತ್ರ, ಬಿಸಿಯೂಟ ಮನೆಯ ಖರ್ಚನ್ನು ಇವತ್ತೇ ಇಳಿಸುತ್ತವೆ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಮಗಳನ್ನು ಕೂಲಿಗೆ ಕರೆದೊಯ್ಯದೆ ಶಾಲೆಗೆ ಕಳಿಸಲು ತಾಯಿಗೆ ಧೈರ್ಯ ಬರುವುದು ಅದರಿಂದಲೇ. ನಾಳೆ ಆ ಹುಡುಗಿಗೆ ಕೂಲಿ ಬಿಟ್ಟು ಬೇರೆ ದಾರಿಯೂ ಇರುತ್ತದೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದೂ ನೋಡಬೇಕು. ಬಡವರ ಮಕ್ಕಳು ಜಾಸ್ತಿ ಇರುವುದು ಪ್ರಾಥಮಿಕ ಶಾಲೆಯಲ್ಲಿ. ಕಾಲೇಜು ಮುಟ್ಟುವಷ್ಟರಲ್ಲಿ ಎಷ್ಟೋ ಮಂದಿ ಬಿಟ್ಟಿರುತ್ತಾರೆ, ಹಾಗಾಗಿ ಅಲ್ಲಿನ ಖರ್ಚಿನ ಲಾಭ ಉಳ್ಳವರಿಗೇ ಹೆಚ್ಚು. ಗೋಡೆಗೆ ಬಣ್ಣ ಹೊಡೆದು ಮಾಸ್ತರ ಹುದ್ದೆ ಖಾಲಿ ಬಿಟ್ಟರಂತೂ ಯಾರಿಗೂ ಇಲ್ಲ. ಇನ್ನು ಎಷ್ಟು ದುಡ್ಡು ಅನ್ನುವುದಾದರೆ, ರಾಷ್ಟ್ರೀಯ ಆದಾಯದ ಶೇ 6ರಷ್ಟು ಶಿಕ್ಷಣಕ್ಕೆ ಇಡಿ ಎಂದು ಕೇಂದ್ರ ಸರ್ಕಾರ ನೇಮಿಸಿದ್ದ ಕೊಠಾರಿ ಶಿಕ್ಷಣ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯಲ್ಲೂ ಅದೇ 6ರ ಗುರಿ!

ಗಣಿತದ ಮಾಸ್ತರ ಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರಿಗೆ ಅರ್ಜಿ ಬರೆಯೋಣ. ಸಹಿಗೆ ತಾಯಂದಿರೂ ಬರ್ರಿ.