ಗುದ್ದಲಿ ಕಾವೂ ಹಿತ್ತಾಳೆ ಬಳ್ಳಿಯೂ

ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ

ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಏನಿಲ್ಲ ಬಿಡು" ಅಂತಾಳೆ. ನೀವಾದರೂ ನಿಜ ಬರೆಯಿರಿ.

ಹೋದ ವರ್ಷ ನಾನೇ ಮಾಡಿದ ಟೀಪಾಯಿಯ ಫೋಟೊ ಕಳಿಸಿದ್ದೆ, ನೆನಪಿದೆಯಾ? ಹಲಗೆಗೆ ಅಡ್ಡಲಾಗಿ ಹಿತ್ತಾಳೆ ಪಟ್ಟಿ ಕೂರಿಸಿದ್ದು. ಅದು ಕೆಟ್ಟುಹೋಯಿತು. ಚಳಿಗಾಲದಲ್ಲಿ ಇಲ್ಲಿ ಹಗಲೂ ರಾತ್ರಿ ಹೀಟರ್ ಓಡುತ್ತದೆ. ಮನೆಯೊಳಗಿನ ಗಾಳಿ ಒಣಗಿ ಹಲಗೆ ಅಗಲದಲ್ಲಿ ಕುಗ್ಗಿತು, ಹಿತ್ತಾಳೆ ಕುಗ್ಗಲಿಲ್ಲ. ಜನವರಿಯಲ್ಲಿ ಒಂದು ಬೆಳಗ್ಗೆ ನೋಡಿದರೆ ಪಟ್ಟಿ ನಡುವೆ ಬಿಲ್ಲಿನ ಹಾಗೆ ಎದ್ದು ಕೂತಿದೆ! ಎಪಾಕ್ಸಿ ಅಂಟನ್ನೇ ಹಾಕಿದ್ದೆ. ಆದರೆ ಉಪ್ಪು ಕಾಗದದ ಮೆಷಿನ್ ಹಿಡಿದು ಉಜ್ಜಿ ಉಜ್ಜಿ ಹಿತ್ತಾಳೆ ಕೈ ಸುಡುವಷ್ಟು ಬಿಸಿಯಾಗಿತ್ತು. ಅಂಟು ಆಗಲೇ ಮೆತ್ತಗಾಗಿತ್ತೋ ಏನೋ. ನನ್ನ ಆತುರ, ಇನ್ನೇನು.

ಈಗ ಬೇರೆ ದಾರಿ ಹಿಡಿದಿದ್ದೇನೆ. 18ನೇ ಶತಮಾನದಲ್ಲಿ ಈ ಊರಿನ ಸುತ್ತಮುತ್ತ ಜರ್ಮನಿಯಿಂದ ಬಂದ ಕುಶಲಕರ್ಮಿಗಳು ಉದ್ದ ನಳಿಗೆಯ ಕೋವಿ ಮಾಡುತ್ತಿದ್ದರು. ಕೆಲವು ಕೋವಿಗಳ ಮೇಪಲ್ ಮರದ ಹಿಡಿಯ ಮೇಲೆ ಬೆಳ್ಳಿ ತಂತಿಯ ಬಳ್ಳಿ ಇರುತ್ತದೆ. ಕೂದಲಿನಷ್ಟು ಸಣ್ಣ ಗೀಟು. ಒಂದು ತೊಟ್ಟು ಅಂಟು ಬೇಕಿಲ್ಲ.

ತಂತಿ ಚಪ್ಪಟೆಯದು, ಸುಮಾರು ಕಾಲು ಮಿಲಿಮೀಟರ್ ದಪ್ಪ. ಮರ ಕೆತ್ತಿ ತೆಗೆಯುವ ಹಾಗಿಲ್ಲ. ಪೆನ್ಸಿಲ್ ಗೀಟಿನ ಮೇಲೆ ಪುಟ್ಟ ಉಳಿ ಇಟ್ಟು, ತಟ್ಟುತ್ತಾ ಸೀಳು ಬಿಡಿಸಿಕೊಂಡು ಹೋಗಬೇಕು. ಆ ಉಳಿಗಳನ್ನು ಹ್ಯಾಕ್ಸಾ ಬ್ಲೇಡಿನ ತುಂಡು ಸಾಣೆ ಹಿಡಿದು ನಾನೇ ಮಾಡಿಕೊಂಡೆ. ತಂತಿಯ ಎರಡೂ ಮೈಯನ್ನು ಅರದಿಂದ ಒರಟು ಮಾಡಿ, ಅಂಚಿನ ಮೇಲೆ ನಿಲ್ಲಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸುವುದು. ಆಮೇಲೆ ಮೇಲೊಂದು ಒದ್ದೆ ಬಟ್ಟೆ. ಮರ ಉಬ್ಬಿ ತಂತಿಯನ್ನು ಕಚ್ಚಿಕೊಳ್ಳುತ್ತದೆ.

ನನಗೆ ನಗು ಬಂತು. ಗುದ್ದಲಿ ಕಾವು ಸಡಿಲವಾದರೆ ರಾತ್ರಿಯೆಲ್ಲ ತೊಟ್ಟಿ ನೀರಲ್ಲಿ ಅದ್ದಿಡುತ್ತಿದ್ದಿರಲ್ಲ, ಅದೇ ಕೆಲಸ!

ನೀವು ಬಿಡುವವರಲ್ಲ, ಗೊತ್ತು. "ಒಣಗಿದ ಮೇಲೆ ಕಾವು ಮತ್ತೆ ಅಲ್ಲಾಡ್ತಿತ್ತಲ್ಲ, ನಿನ್ನ ತಂತಿ ಬೀಳೋದಿಲ್ವಾ?" ಅಂತೀರಿ. ನಾನೂ ಅದನ್ನೇ ಯೋಚಿಸಿದೆ. ಇಲ್ಲಿ ಮರ ಕಡಿದು ಜಾಗ ಮಾಡಿಲ್ಲ, ಬರೀ ಆಚೀಚೆ ಸರಿಸಿದೆ. ಒದ್ದೆಯಾದಾಗ ನಾರು ತನ್ನ ಜಾಗಕ್ಕೆ ವಾಪಸ್ ಬರುತ್ತದೆ, ಅರದ ಗೀರುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಣಗಿದರೂ ಹಿಡಿತ ಬಿಡುವುದಿಲ್ಲ.

ನಮ್ಮ ದೇಶದಲ್ಲೂ ಉತ್ತರ ಪ್ರದೇಶದ ಮೈನ್‌ಪುರಿಯವರು ಶೀಶಮ್ ಮರಕ್ಕೆ ಹಿತ್ತಾಳೆ ತಂತಿ ಹೀಗೇ ಬಡಿದು ಕೂರಿಸುತ್ತಾರೆ. ತಾರ್‌ಕಶಿ ಅಂತ ಹೆಸರು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತದ ಕೆಲಸ ನೋಡಿದ್ದೆವಲ್ಲ, ಅದರ ದಾರಿ ಬೇರೆ. ಅಲ್ಲಿ ದಂತದ ತುಂಡಿಗೆ ತಕ್ಕ ಹಾಗೆ ಮರ ಕೆತ್ತಿ ಕೂರಿಸಿದ್ದು.

ಅಮ್ಮನಿಗೆ ಒಂದು ಒಡವೆ ಪೆಟ್ಟಿಗೆ ಮಾಡುತ್ತಿದ್ದೇನೆ. ಇಲ್ಲಿನ ಕಪ್ಪು ವಾಲ್‌ನಟ್ ಮರ. ಬಿಳಿ ಮರವಾದರೆ ಹಿತ್ತಾಳೆ ಪುಡಿ ನಾರಿಗೆ ಇಳಿದು ಕೊಳೆ ಹಿಡಿದ ಹಾಗೆ ಕಾಣುತ್ತದೆ, ಇದರಲ್ಲಿ ತೊಂದರೆಯಿಲ್ಲ. ಮುಚ್ಚಳದ ಮೇಲೆ ಅವಳ ಧಾರೆ ಸೀರೆಯ ಅಂಚಿನ ಬಳ್ಳಿ. ದೀಪಾವಳಿಗೆ ಬರುವಾಗ ತರುತ್ತೇನೆ.

ಬಲಗಡೆ ಒಂದು ಎಲೆ ಸ್ವಲ್ಪ ಸೊಟ್ಟಗಾಗಿದೆ. ನೀವು ಹೇಳಬೇಡಿ. ಎಷ್ಟು ಹೊತ್ತಿಗೆ ಕಂಡುಹಿಡಿಯುತ್ತಾಳೋ ನೋಡೋಣ.

ನಿಮ್ಮ ಪುಟ್ಟಿ